ಪೇಟೆಬೀದಿಯ ದಿನಸಿ ಅಂಗಡಿ ಉಳಿಸಿಕೊಳ್ಳುವುದು ಹೇಗೆ? ಸಣ್ಣ ಅಂಗಡಿಕಾರರಿಗೊಂದು ಮಾರ್ಗದರ್ಶಿ

ಹತ್ತಡಿ ಅಗಲ, ಹದಿನೈದಡಿ ಉದ್ದದ ಅಂಗಡಿ. ಮುಂದೆ ಕೌಂಟರ್, ಹಿಂದೆ ಬೇಳೆ ಸಕ್ಕರೆಯ ಡಬ್ಬಗಳು, ಮೇಲಿಂದ ಇಳಿಬಿದ್ದ ಶಾಂಪೂ ಸ್ಯಾಶೆ ಸರ. ಬೆಳಗ್ಗೆ ಆರಕ್ಕೆ ಎತ್ತಿದ ಶಟರ್ ಇಳಿಯುವುದು ರಾತ್ರಿ ಹತ್ತಕ್ಕೆ. ಇಂಥ ಅಂಗಡಿ ನಡೆಸುತ್ತಿರುವವರಿಗಾಗಿ ಈ ಬರಹ. ತುಮಕೂರು, ಹಾಸನ, ದಾವಣಗೆರೆ, ಗದಗದಂಥ ಊರುಗಳ ಪೇಟೆಬೀದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೆಂಗಳೂರಿನ ಬಡಾವಣೆಯ ಅಂಗಡಿಗೂ ಬಹುಪಾಲು ಹೊಂದುತ್ತದೆ. ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ಹಾಗಾಗಿ ಇಲ್ಲಿ ಬರುವ ಮಾತೆಲ್ಲ ಗಲ್ಲಾಪೆಟ್ಟಿಗೆ ಮತ್ತು ಖಾತೆ ಪುಸ್ತಕದ ಸುತ್ತಲೇ ಇರುತ್ತದೆ.

ಕಾಲ ಕಠಿಣವಾಗಿದೆ ಅನ್ನುವುದರಲ್ಲಿ ಅನುಮಾನವಿಲ್ಲ. ಒಂದು ವರ್ಷದೊಳಗೆ ದೇಶದಲ್ಲಿ ಸುಮಾರು 2 ಲಕ್ಷ ಕಿರಾಣಿ ಅಂಗಡಿಗಳು ಬಾಗಿಲು ಹಾಕಿವೆ ಎಂದು ಗ್ರಾಹಕ ಉತ್ಪನ್ನಗಳ ವಿತರಕರ ಅಖಿಲ ಭಾರತ ಒಕ್ಕೂಟ 2024ರಲ್ಲಿ ಅಂದಾಜು ಕೊಟ್ಟಿತ್ತು. ಹೆಚ್ಚು ಪೆಟ್ಟು ಬಿದ್ದದ್ದು ಮಹಾನಗರಗಳಿಗೆ. ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್‌ನವರು ಹತ್ತು ನಿಮಿಷದಲ್ಲಿ ಸಾಮಾನು ತಂದು ಬಾಗಿಲಿಗೆ ಮುಟ್ಟಿಸುತ್ತಾರೆ. ಡಿಮಾರ್ಟ್‌ನಂಥ ದೊಡ್ಡ ಮಳಿಗೆಯಲ್ಲಿ ಕೆಲವು ಮಾಲು ನಿಮಗೆ ಡಿಸ್ಟ್ರಿಬ್ಯೂಟರ್ ಹಾಕಿಕೊಡುವ ದರಕ್ಕಿಂತಲೂ ಅಗ್ಗಕ್ಕೆ ಸಿಗುತ್ತದೆ. ಇದನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ.

ಆದರೆ ಮುಚ್ಚಿದ ಅಂಗಡಿಗಳ ಪುಸ್ತಕ ಬಿಡಿಸಿ ನೋಡಿದಾಗ ಇನ್ನೊಂದು ಸಂಗತಿ ಕಾಣುತ್ತದೆ. ಗಿರಾಕಿ ಕಡಿಮೆಯಾಗುವ ಮೊದಲೇ ಅಂಗಡಿಯ ದುಡ್ಡು ಎಲ್ಲೆಲ್ಲೋ ಸಿಕ್ಕಿಕೊಂಡಿರುತ್ತದೆ. ಓಡದ ಮಾಲಿನಲ್ಲಿ ಒಂದಷ್ಟು, ಉದ್ರಿ ಪುಸ್ತಕದಲ್ಲಿ ಒಂದಷ್ಟು, ದಿನದ ಬಡ್ಡಿಯಲ್ಲಿ ಒಂದಷ್ಟು. ಕೈಯಲ್ಲಿ ರೊಕ್ಕವಿಲ್ಲದ ಅಂಗಡಿಯಲ್ಲಿ ಓಡುವ ಮಾಲೂ ಇರುವುದಿಲ್ಲ. ಬಂದವರು ‘ಇಲ್ಲ’ ಅನ್ನಿಸಿಕೊಂಡು ಹೋಗುತ್ತಾರೆ, ಎರಡು ಸಲ ಹಾಗಾದರೆ ಮೂರನೇ ಸಲ ಬರುವುದಿಲ್ಲ. ಆದ್ದರಿಂದ ಸಿಕ್ಕಿಬಿದ್ದ ದುಡ್ಡನ್ನು ಬಿಡಿಸಿಕೊಳ್ಳುವುದರಿಂದಲೇ ಕೆಲಸ ಶುರುವಾಗಬೇಕು. ಪೈಪೋಟಿಯ ಮಾತು ಆಮೇಲೆ.

ಮೊದಲ ಹೆಜ್ಜೆ: ದಿನಕ್ಕೆ ಎಷ್ಟು ವ್ಯಾಪಾರವಾದರೆ ಅಂಗಡಿ ನಿಲ್ಲುತ್ತದೆ?

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವ ಅಂಗಡಿಕಾರರು ಕಡಿಮೆ. ‘ಪರವಾಗಿಲ್ಲ, ನಡೀತಿದೆ’ ಅನ್ನುತ್ತಾರೆ. ಗಲ್ಲಾದಲ್ಲಿ ದುಡ್ಡು ಓಡಾಡುತ್ತಿರುವುದರಿಂದ ಹಾಗನ್ನಿಸುತ್ತದೆ. ಅದರಲ್ಲಿ ಬಹುಪಾಲು ನಾಳೆ ಮಾಲಿಗೆ ಕೊಡಬೇಕಾದ ದುಡ್ಡು.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ತಿಂಗಳು ಪ್ರತಿ ರಾತ್ರಿ ಶಟರ್ ಇಳಿಸುವ ಮೊದಲು ನಾಲ್ಕು ಅಂಕಿ ಬರೆಯಿರಿ: ನಗದು, ಯುಪಿಐ, ಆ ದಿನ ಕೊಟ್ಟ ಉದ್ರಿ, ಅಂಗಡಿಯಿಂದ ಮನೆಗೆ ಒಯ್ದದ್ದು. ನಾಲ್ಕನೆಯದನ್ನು ಯಾರೂ ಬರೆಯುವುದಿಲ್ಲ. ಮನೆಗೆ ಒಯ್ದ ಎಣ್ಣೆ, ಸೋಪು, ಮಗಳ ಫೀಸಿಗೆಂದು ಗಲ್ಲಾದಿಂದ ತೆಗೆದ ಎರಡು ಸಾವಿರ ಎಲ್ಲವೂ ಅದರಲ್ಲಿ ಬರಬೇಕು.

ತಿಂಗಳ ಕೊನೆಗೆ ಲೆಕ್ಕ ಹೀಗೆ. ದಿನಕ್ಕೆ 12,000 ರೂಪಾಯಿ ವ್ಯಾಪಾರ ಅಂತಿಟ್ಟುಕೊಳ್ಳೋಣ, ತಿಂಗಳಿಗೆ 3,60,000 ಆಯಿತು. ಕಂಪನಿ ಮಾಲು, ಲೂಸ್ ಮಾಲು ಎಲ್ಲ ಸೇರಿ ಸರಾಸರಿ ಮಾರ್ಜಿನ್ ಶೇ 10 ಅಂದರೆ ಕೈಗೆ 36,000. ಬಾಡಿಗೆ 12,000, ಕರೆಂಟಿಗೆ 2,000, ಸಂಜೆ ಹೊತ್ತು ಮಾತ್ರ ಬರುವ ಕೆಲಸದವರಿಗೆ 7,000, ಕವರು, ಗಾಡಿ ಬಾಡಿಗೆ, ಹಾಳಾದ ಮಾಲು ಅಂತ 3,000. ಒಟ್ಟು ಖರ್ಚು 24,000. ಮನೆಗೆ ಉಳಿದದ್ದು 12,000. ಈ ಅಂಗಡಿ ದಿನಕ್ಕೆ 8,000 ರೂಪಾಯಿ ವ್ಯಾಪಾರ ಮಾಡಿದರೆ ಖರ್ಚು ಮಾತ್ರ ಹುಟ್ಟುತ್ತದೆ, ಅದರ ಮೇಲಿನದ್ದೇ ನಿಮ್ಮ ದುಡಿಮೆ. ನಿಮ್ಮ ಅಂಗಡಿಯ ಆ 8,000 ಎಷ್ಟು ಅಂತ ಕಂಡುಹಿಡಿದು ಗಲ್ಲಾದ ಮುಚ್ಚಳದ ಒಳಮೈಯಲ್ಲಿ ಬರೆದಿಡಿ.

ಇನ್ನೊಂದು ಅಂಶವೂ ಇದೇ ಲೆಕ್ಕದಿಂದ ಹೊರಡುತ್ತದೆ. ಇದೇ ವ್ಯಾಪಾರದಲ್ಲಿ ಸರಾಸರಿ ಮಾರ್ಜಿನ್ ಶೇ 10ರಿಂದ 12ಕ್ಕೆ ಏರಿದರೆ ತಿಂಗಳಿಗೆ 7,200 ಹೆಚ್ಚು ಸಿಗುತ್ತದೆ. ಅಷ್ಟೇ ದುಡ್ಡನ್ನು ವ್ಯಾಪಾರ ಹೆಚ್ಚಿಸಿ ಗಳಿಸಬೇಕೆಂದರೆ ತಿಂಗಳಿಗೆ 72,000 ರೂಪಾಯಿಯ ಮಾಲು ಹೆಚ್ಚಿಗೆ ಮಾರಬೇಕು. ಈಗಿನ ಪೈಪೋಟಿಯಲ್ಲಿ ಯಾವುದು ಸಾಧ್ಯ ಅನ್ನುವುದು ನಿಮಗೇ ಗೊತ್ತು.

ಎರಡನೇ ಹೆಜ್ಜೆ: ನಿಂತ ಮಾಲನ್ನು ಹೊರಗೆ ಹಾಕಿ

ಭಾನುವಾರ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಒಂದು ಸ್ಟೂಲ್ ಹಾಕಿಕೊಂಡು ಮೇಲಿನ ಶೆಲ್ಫಿನಿಂದ ಶುರುಮಾಡಿ. ಮುಂದಿನ ಸಾಲನ್ನು ಸರಿಸಿ ಹಿಂದಿನ ಸಾಲಿಗೆ ಕೈಹಾಕಿ. ಧೂಳು ಕೂತ ಪೌಡರ್ ಡಬ್ಬ, ಬಣ್ಣ ಮಾಸಿದ ನೂಡಲ್ಸ್ ಪ್ಯಾಕೆಟ್, ಯಾವುದೋ ಸ್ಕೀಮಿನಲ್ಲಿ ಬಂದ ಟಾಯ್ಲೆಟ್ ಕ್ಲೀನರ್ ಬಾಕ್ಸು, ಎರಡು ವರ್ಷದ ಹಿಂದೆ ಒಬ್ಬರೇ ಒಬ್ಬರು ಕೇಳಿದ್ದಕ್ಕೆ ತರಿಸಿದ ಓಟ್ಸ್. ಒಂದೊಂದನ್ನೂ ಕೆಳಗಿಳಿಸಿ, ಕೊಂಡ ಬೆಲೆ ಹಾಕಿ, ಕೂಡಿಸಿ. ದಿನಸಿ ಅಂಗಡಿಯಲ್ಲಿ ಈ ಮೊತ್ತ ಸುಲಭವಾಗಿ ಎರಡು ಮೂರು ತಿಂಗಳ ಬಾಡಿಗೆಯಷ್ಟಾಗುತ್ತದೆ.

ಮಾರ್ಜಿನ್ ಎಷ್ಟು ಅನ್ನುವುದರ ಜೊತೆಗೆ ಎಷ್ಟು ದಿನಕ್ಕೆ ತಿರುಗುತ್ತದೆ ಅನ್ನುವುದನ್ನೂ ನೋಡಬೇಕು. 2,000 ರೂಪಾಯಿ ಹಾಕಿ ತಂದ ರವೆ ವಾರಕ್ಕೆ ಖಾಲಿಯಾಗುತ್ತದೆ, ಸಿಗುವುದು ಶೇ 8, ಅಂದರೆ 160 ರೂಪಾಯಿ. ಅದೇ 2,000ಕ್ಕೆ ತಂದ ದುಬಾರಿ ಶಾಂಪೂ ಬಾಟಲಿಗಳಲ್ಲಿ ಶೇ 20 ಸಿಗುತ್ತದೆ, 400 ರೂಪಾಯಿ, ಆದರೆ ಖಾಲಿಯಾಗಲು 16 ವಾರ ಬೇಕು. ಆ 16 ವಾರದಲ್ಲಿ ರವೆಯ ದುಡ್ಡು ಹದಿನಾರು ಸಲ ತಿರುಗಿ 2,560 ದುಡಿದಿರುತ್ತದೆ. ಶಾಂಪೂ ಬೇಡವೆಂದಲ್ಲ. ಎರಡು ಬಾಟಲಿ ಇಡಿ, ಹನ್ನೆರಡು ಬೇಡ.

ಇಳಿಸಿದ ಮಾಲನ್ನು ಮೂರು ಗುಂಪು ಮಾಡಿ. ಎಕ್ಸ್‌ಪೈರಿ ಹತ್ತಿರವಿದ್ದು ಕಂಪನಿ ವಾಪಸ್ ತೆಗೆದುಕೊಳ್ಳುವಂಥದ್ದು ಒಂದು. ಅದನ್ನು ಸೇಲ್ಸ್‌ಮನ್ ಬಂದ ದಿನವೇ ಮುಂದಿಡಿ, ರಿಟರ್ನ್ ಚೀಟಿ ಬರೆಸಿಕೊಳ್ಳದೆ ಹೊಸ ಆರ್ಡರ್ ಕೊಡಬೇಡಿ. ‘ಮುಂದಿನ ವಾರ ನೋಡೋಣ ಅಣ್ಣಾ’ ಅಂದರೆ ಆರ್ಡರೂ ಮುಂದಿನ ವಾರವೇ. ಇನ್ನೂ ಅವಧಿಯಿದ್ದು ಓಡದೆ ನಿಂತದ್ದು ಎರಡನೆಯದು. ಕೊಂಡ ಬೆಲೆಗಾದರೂ ಸರಿ, ನಾಲ್ಕು ರೂಪಾಯಿ ಕಡಿಮೆಗಾದರೂ ಸರಿ, ಕೌಂಟರಿನ ಮುಂದೆ ಬುಟ್ಟಿಯಲ್ಲಿಟ್ಟು ಮಾರಿ ಮುಗಿಸಿ. ಅವಧಿ ಮುಗಿದದ್ದು ಮೂರನೆಯದು. ಅದನ್ನು ಅಂದೇ ಎಸೆಯಿರಿ. ಅವಧಿ ಮುಗಿದ ಒಂದು ಬಿಸ್ಕತ್ತಿನ ಪೊಟ್ಟಣ ಮಗುವಿನ ಕೈಗೆ ಹೋದರೆ ಆ ಬೀದಿಯ ತಾಯಂದಿರೆಲ್ಲರಿಗೂ ಸುದ್ದಿ ಮುಟ್ಟುತ್ತದೆ.

ಮತ್ತೆ ಹಾಗೆ ತುಂಬಿಕೊಳ್ಳದಿರಲು ಒಂದು ಕ್ರಮ ಮಾಡಿಕೊಳ್ಳಿ. ‘ಹತ್ತು ಬಾಕ್ಸಿಗೆ ಒಂದು ಫ್ರೀ’ ಸ್ಕೀಮ್ ಬಂದಾಗ ಹತ್ತು ಬಾಕ್ಸು ಎಷ್ಟು ದಿನಕ್ಕೆ ಹೋಗುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಒಂದು ತಿಂಗಳೊಳಗೆ ಹೋಗುವುದಾದರೆ ತೆಗೆದುಕೊಳ್ಳಿ, ಇಲ್ಲವಾದರೆ ಬಿಟ್ಟುಬಿಡಿ. ಬೆಲೆ ಇಳಿಯುವಾಗ ದಾಸ್ತಾನು ಇಟ್ಟವರ ಪಾಡು ಹೇಗಿರುತ್ತದೆ ಅನ್ನುವುದು 2025ರ ಸೆಪ್ಟೆಂಬರ್ 22ರಂದು ಸೋಪು, ಟೂತ್‌ಪೇಸ್ಟ್, ಶಾಂಪೂ, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗ ಗೊತ್ತಾಯಿತು. ಹಳೆ ಎಂಆರ್‌ಪಿ ಮಾಲು ತುಂಬಿಸಿಟ್ಟಿದ್ದವರು ಗಿರಾಕಿಗೂ ಡಿಸ್ಟ್ರಿಬ್ಯೂಟರಿಗೂ ಉತ್ತರ ಹೇಳಿ ಸುಸ್ತಾದರು.

ಉದ್ರಿ: ನಿಲ್ಲಿಸಬೇಡಿ, ಕಟ್ಟು ಹಾಕಿ

‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು ಹಾಕಿದ ಎಷ್ಟೋ ಅಂಗಡಿಗಳಲ್ಲಿ ಉದ್ರಿ ಪುಸ್ತಕ ಬೋರ್ಡಿನ ಕೆಳಗೇ ಇರುತ್ತದೆ. ಅದು ತಪ್ಪಲ್ಲ. ತಿಂಗಳ ಸಂಬಳಕ್ಕೆ ಕಾಯುವ ಮನೆಗಳನ್ನು ನಿಮ್ಮ ಅಂಗಡಿಗೆ ಕಟ್ಟಿಹಾಕಿರುವುದು ಆ ಪುಸ್ತಕವೇ. ಇಪ್ಪತ್ತೈದನೇ ತಾರೀಖಿಗೆ ಅಕ್ಕಿ ಮುಗಿದವರಿಗೆ ಯಾವ ಆ್ಯಪೂ ಮುಖ ನೋಡಿ ಸಾಲ ಕೊಡುವುದಿಲ್ಲ. ಹಾಗಾಗಿ ಉದ್ರಿ ಪೂರ್ತಿ ನಿಲ್ಲಿಸಿ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ.

ಆದರೆ ಆ ಪುಸ್ತಕವನ್ನೊಮ್ಮೆ ಬಿಡಿಸಿ ನೋಡಿ. ‘ಮೂಲೆಮನೆ ಅಜ್ಜಿ 340’, ‘ಆಟೋ ಮಂಜ 1,200’, ‘ಹಸಿರು ಗೇಟು 85’, ‘ಮೇಷ್ಟ್ರು 2,150’. ತಾರೀಖಿಲ್ಲ, ಏನು ಒಯ್ದರು ಅಂತಿಲ್ಲ, ಕೆಲವು ಕಡೆ ಅಂಕಿಯ ಮೇಲೆ ಅಂಕಿ ತಿದ್ದಿದೆ. ಹಸಿರು ಗೇಟಿನವರು ಮನೆ ಬದಲಾಯಿಸಿ ಹೋದರೆ ಆ 85 ಹೋಯಿತು. ಮೇಷ್ಟ್ರು ‘ಹೋದ ತಿಂಗಳೇ ಕೊಟ್ಟೆನಲ್ಲ’ ಅಂದರೆ ತೋರಿಸಲು ನಿಮ್ಮ ಹತ್ತಿರ ಏನೂ ಇಲ್ಲ. ಬಾಕಿಯ ಜೊತೆಗೆ ಮೇಷ್ಟ್ರೂ ಹೋಗುತ್ತಾರೆ.

ಮನೆಗೊಂದು ಪುಟ ಮಾಡಿ. ಪೂರ್ತಿ ಹೆಸರು, ಫೋನ್ ನಂಬರ್, ತಾರೀಖು, ಸಾಮಾನು, ಮೊತ್ತ. ಪ್ರತಿ ಸಲ ಬರೆದಾಗ ಒಟ್ಟು ಎಷ್ಟಾಯಿತು ಅಂತ ಬಾಯಲ್ಲಿ ಹೇಳಿ. ಫೋಟೊ ತೆಗೆದು ಅವರ ವಾಟ್ಸ್‌ಆ್ಯಪಿಗೆ ಕಳಿಸಿದರೆ ಇನ್ನೂ ಒಳ್ಳೆಯದು, ಜಗಳಕ್ಕೆ ಜಾಗವೇ ಇರುವುದಿಲ್ಲ. ಮನೆಗೊಂದು ಮಿತಿ ಇರಲಿ: ಆ ಮನೆಯವರು ತಿಂಗಳಿಗೆ ಒಯ್ಯುವ ಸಾಮಾನಿನ ಅರ್ಧಕ್ಕಿಂತ ಹೆಚ್ಚು ಬಾಕಿ ನಿಲ್ಲಬಾರದು. ಎಲ್ಲ ಸೇರಿ ಉದ್ರಿಯ ಮೊತ್ತ ನಿಮ್ಮ ಐದು ದಿನದ ವ್ಯಾಪಾರವನ್ನು ದಾಟಬಾರದು. ಇದು ನನ್ನ ಅಂದಾಜಿನ ಕಟ್ಟು. ನಿಮ್ಮ ಬೀದಿಗೆ ತಕ್ಕಂತೆ ನಾಲ್ಕೋ ಆರೋ ಮಾಡಿಕೊಳ್ಳಿ, ಆದರೆ ಮಾಡಿಕೊಂಡ ಮೇಲೆ ಮೀರಬೇಡಿ.

ಹಳೆ ಬಾಕಿ ಕೇಳುವುದಕ್ಕೇ ಬಹಳ ಜನರಿಗೆ ಸಂಕೋಚ. ಪೂರ್ತಿ ಕೇಳಿದರೆ ಗಿರಾಕಿ ಬೀದಿ ಬದಲಿಸಿ ಓಡಾಡತೊಡಗುತ್ತಾರೆ. ಸ್ವಲ್ಪ ಕೇಳಿ: ‘ಅಣ್ಣಾ, ಹಳೇದು ಎರಡು ಸಾವಿರ ಇದೆ. ಇವತ್ತು ಐನೂರು ಕೊಡಿ, ಇವತ್ತಿನ ಸಾಮಾನು ಪುಸ್ತಕಕ್ಕೆ ಬರ್ಕೊಳ್ತೀನಿ. ಮುಂದಿನ ತಿಂಗಳು ಇನ್ನೈನೂರು.’ ಅವರ ಮಾನವೂ ಉಳಿಯುತ್ತದೆ, ಅಂಗಡಿಗೆ ಬರುವುದೂ ತಪ್ಪುವುದಿಲ್ಲ. ದೊಡ್ಡ ಮೊತ್ತವಿದ್ದರೆ ಪುಟದ ಕೆಳಗೆ ಒಂದು ಸಹಿ ಹಾಕಿಸಿಕೊಳ್ಳಿ. ಮಾಲು ಕೊಟ್ಟ ಬಾಕಿಯನ್ನು ಕಾನೂನಿನ ಮೂಲಕ ಕೇಳಲು ಮೂರು ವರ್ಷದ ಕಾಲಮಿತಿ ಇದೆ. ಆ ಅವಧಿಯೊಳಗೆ ಬಾಕಿ ಒಪ್ಪಿ ಸಹಿ ಹಾಕಿದರೆ ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ.

ಮೂರನೇ ಹೆಜ್ಜೆ: ಯಾವುದರಲ್ಲಿ ಬೆಲೆ ಇಳಿಸಬೇಕು, ಯಾವುದರಲ್ಲಿ ಬೇಡ

ಗಿರಾಕಿಗೆ ಎಲ್ಲ ಸಾಮಾನಿನ ಬೆಲೆ ನೆನಪಿರುವುದಿಲ್ಲ. ಸೂರ್ಯಕಾಂತಿ ಎಣ್ಣೆ, ಸಕ್ಕರೆ, ತೊಗರಿಬೇಳೆ, ಸೋನಾಮಸೂರಿ ಅಕ್ಕಿ, ಚಹಾಪುಡಿ, ಮೊಟ್ಟೆ, ಬಟ್ಟೆ ಸೋಪು ಹೀಗೆ ಹದಿನೈದು ಇಪ್ಪತ್ತು ಸಾಮಾನಿನ ಬೆಲೆ ಬಾಯಲ್ಲೇ ಇರುತ್ತದೆ. ನಿಮ್ಮ ಅಂಗಡಿ ದುಬಾರಿಯೋ ಅಗ್ಗವೋ ಅಂತ ಅವರು ತೀರ್ಮಾನಿಸುವುದು ಇವುಗಳ ಮೇಲೆ. ಇವನ್ನು ದೊಡ್ಡ ಮಳಿಗೆಯ ದರಕ್ಕೆ ಹತ್ತಿರ ತಂದಿಡಿ, ಒಂದೆರಡು ರೂಪಾಯಿ ಮಾತ್ರ ಸಿಗುತ್ತದೆ ಅಂದರೂ ಚಿಂತೆಯಿಲ್ಲ. ದರವನ್ನು ಸ್ಲೇಟಿನ ಮೇಲೆ ಬರೆದು ರಸ್ತೆಗೆ ಕಾಣುವಂತೆ ಇಡಿ.

ಸಾಸಿವೆ, ಮೆಂತ್ಯ, ಧನಿಯಾ, ಚಕ್ಕೆ ಲವಂಗ, ಗಸಗಸೆ, ಒಣಕೊಬ್ಬರಿ, ಹುಣಸೆಹಣ್ಣು, ಊದಿನಕಡ್ಡಿ, ಕರ್ಪೂರ, ಹೂಬತ್ತಿ ಬೇರೆ ಜಾತಿಯ ಸಾಮಾನು. ಇವುಗಳಲ್ಲಿ ಜನ ನೋಡುವುದು ಗುಣ, ವಾಸನೆ, ಬಣ್ಣ. ಸಗಟಿನಲ್ಲಿ ಒಳ್ಳೆಯ ಮಾಲು ಆರಿಸಿ ತಂದು 50 ಗ್ರಾಂ, 100 ಗ್ರಾಂ ಕಟ್ಟಿದರೆ ಕಂಪನಿ ಪ್ಯಾಕೆಟ್ಟಿಗಿಂತ ಗಿರಾಕಿಗೆ ಅಗ್ಗ, ನಿಮಗೆ ಮಾರ್ಜಿನ್ ಹೆಚ್ಚು. ಮೇಲೆ ಹೇಳಿದ ಶೇ 10ರಿಂದ 12ಕ್ಕೆ ಹೋಗುವ ದಾರಿ ಇದೇ. ಬ್ಯಾಡಗಿ ಮೆಣಸಿನಕಾಯಿಯನ್ನು ನೋಡಿ: ಒಳ್ಳೆ ಬಣ್ಣದ್ದು, ತೊಟ್ಟು ತೆಗೆದದ್ದು, ಒಣಗಿ ಗರಿಗರಿಯಾಗಿರುವುದು ಒಂದು ಅಂಗಡಿಯಲ್ಲಿ ಸಿಗುತ್ತದೆ ಅಂತ ಗೊತ್ತಾದರೆ ಗೃಹಿಣಿಯರು ಅದಕ್ಕಾಗಿಯೇ ಎರಡು ಬೀದಿ ದಾಟಿ ಬರುತ್ತಾರೆ, ಬಂದವರು ಬೇಳೆಯನ್ನೂ ಒಯ್ಯುತ್ತಾರೆ.

ಎಂಆರ್‌ಪಿ ಮೀರಿ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ, ಫ್ರಿಜ್ಜಿನಲ್ಲಿಟ್ಟಿದ್ದಕ್ಕೆ ಅಂತ ಹೇಳಿಯೂ ಬೇಡ. ಅದು ಕಾನೂನಿಗೂ ವಿರುದ್ಧ, ವ್ಯಾಪಾರಕ್ಕೂ ನಷ್ಟ.

ನಾಲ್ಕನೇ ಹೆಜ್ಜೆ: ನಿಮ್ಮ ಐನೂರು ಮೀಟರಿನ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಿ

ಹತ್ತು ನಿಮಿಷದ ಓಟದಲ್ಲಿ ನೀವು ಗೆಲ್ಲಲಾರಿರಿ, ಗೆಲ್ಲಬೇಕಾಗಿಯೂ ಇಲ್ಲ. ತಿಂಗಳ ಸಾಮಾನಿನ ಚೀಟಿಗೆ ಹತ್ತು ನಿಮಿಷದ ಅವಸರವಿರುವುದಿಲ್ಲ. ‘ಬೆಳಗ್ಗೆ ಚೀಟಿ ಕಳಿಸಿ, ಸಂಜೆ ಏಳರೊಳಗೆ ಮನೆಗೆ’ ಅನ್ನುವ ಮಾತು ಕೊಟ್ಟು ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತವಾಗಿ ಸಿಗುತ್ತದೆ. ಅಂಗಡಿಗೇ ಒಂದು ಬೇರೆ ನಂಬರ್ ಮಾಡಿ, ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿ. ಚೀಟಿ ಕೈಬರಹದ್ದಿರಲಿ, ಧ್ವನಿಯಲ್ಲಿ ಹೇಳಿದ್ದಿರಲಿ, ಹಾಗೇ ತೆಗೆದುಕೊಳ್ಳಿ. ವಯಸ್ಸಾದವರಿಗೆ ಆ್ಯಪಿನಲ್ಲಿ ಹುಡುಕುವುದಕ್ಕಿಂತ ‘ಅರ್ಧ ಕೆ.ಜಿ. ಉದ್ದಿನಬೇಳೆ, ಹೋದ ಸಲ ಕೊಟ್ಟಿದ್ದೇ’ ಅನ್ನುವುದು ಸುಲಭ. ಹೋದ ಸಲ ಏನು ಕೊಟ್ಟಿದ್ದೀರಿ ಅನ್ನುವುದು ನಿಮಗೆ ನೆನಪಿದೆ, ಅದೇ ನಿಮ್ಮ ಬಲ.

ಮನೆಗೆ ಮುಟ್ಟಿಸಲು ಕನಿಷ್ಠ ಮೊತ್ತ ಇಟ್ಟುಕೊಳ್ಳಿ, 500 ಅಂತಲೋ 700 ಅಂತಲೋ. ಎಲ್ಲ ಚೀಟಿಗಳನ್ನೂ ಸಂಜೆಯ ಒಂದೇ ಸುತ್ತಿನಲ್ಲಿ ಮುಗಿಸಿ. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಕೊತ್ತಂಬರಿ ಕಟ್ಟಿಗೆ ಗಾಡಿ ತೆಗೆದರೆ ಪೆಟ್ರೋಲಿಗೂ ಸಾಲುವುದಿಲ್ಲ. ಹಾಳಾದದ್ದು, ತಪ್ಪು ಹೋದದ್ದು ಇದ್ದರೆ ಪ್ರಶ್ನೆ ಕೇಳದೆ ಬದಲಿಸಿಕೊಡಿ.

ಇನ್ನು ಹಬ್ಬಗಳು. ಪೇಟೆಬೀದಿಯ ಅಂಗಡಿ ವರ್ಷದ ದುಡಿಮೆಯ ದೊಡ್ಡ ಪಾಲನ್ನು ಇಲ್ಲೇ ಗಳಿಸಬಹುದು, ಆದರೆ ತಯಾರಿ ಮೊದಲೇ ಆಗಬೇಕು. ಸಂಕ್ರಾಂತಿಯ ಎಳ್ಳುಬೆಲ್ಲವನ್ನೇ ತೆಗೆದುಕೊಳ್ಳಿ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು, ಅಚ್ಚುಬೆಲ್ಲ ಹೆಚ್ಚಿ ಒಣಗಿಸಬೇಕು, ಎಳ್ಳು ಮತ್ತು ಕಡಲೆಬೀಜ ಹುರಿಯಬೇಕು, ಬೀಜದ ಸಿಪ್ಪೆ ತೆಗೆಯಬೇಕು, ಹುರಿಗಡಲೆ ಸೇರಿಸಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದಕ್ಕೆಲ್ಲ ಪುರಸೊತ್ತಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲೇ ಕೊಬ್ಬರಿ, ಬೆಲ್ಲ ತಂದು, ಪರಿಚಯದ ಇಬ್ಬರು ಹೆಂಗಸರಿಗೆ ಕೂಲಿ ಕೊಟ್ಟು ಮಾಡಿಸಿ ಕಾಲು ಕೆ.ಜಿ., ಅರ್ಧ ಕೆ.ಜಿ. ಸಿದ್ಧಮಾಡಿಡಿ. ಬೇಕಾದವರ ಹೆಸರನ್ನು ಮೊದಲೇ ಬರೆದುಕೊಂಡರೆ ಉಳಿಯುವ ಭಯವಿಲ್ಲ. ಸಕ್ಕರೆ ಅಚ್ಚು, ಸಣ್ಣ ಡಬ್ಬಿ, ಕಬ್ಬಿನ ತುಂಡು ಜೊತೆಗೇ ಹೋಗುತ್ತದೆ. ಉತ್ತರ ಕರ್ನಾಟಕದಲ್ಲಾದರೆ ನಾಗರಪಂಚಮಿಯ ಉಂಡಿ ಸಾಮಾನು, ವರ್ಷವಿಡೀ ಶೇಂಗಾ ಚಟ್ನಿಪುಡಿ ಮತ್ತು ಕಡಕ್ ರೊಟ್ಟಿ. ಹಳೆ ಮೈಸೂರು ಕಡೆ ವರಮಹಾಲಕ್ಷ್ಮಿ, ಗೌರಿಯ ಬಾಗಿನದ ಸಾಮಾನು. ಬಾಗಿನಕ್ಕೆ ಬೇಕಾದ ಎಲ್ಲವೂ ಒಂದೇ ಚೀಲದಲ್ಲಿ ಜೋಡಿಸಿಟ್ಟ ಅಂಗಡಿಯ ಮುಂದೆ ಹಬ್ಬದ ಹಿಂದಿನ ಸಂಜೆ ನಿಲ್ಲಲು ಜಾಗವಿರುವುದಿಲ್ಲ. ತಿನ್ನುವ ಪದಾರ್ಥ ಕಟ್ಟಿ ಮಾರುವಾಗ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಇರಲೇಬೇಕು, ಪೊಟ್ಟಣದ ಮೇಲೆ ತಾರೀಖು ತೂಕ ಬರೆದಿರಲೇಬೇಕು.

ಐದನೇ ಹೆಜ್ಜೆ: ಐದಾರು ಅಂಗಡಿ ಸೇರಿ ಮಾಲು ತನ್ನಿ

ಒಂದೇ ಅಂಗಡಿಗೆ ಎರಡು ಮೂಟೆ ಬೇಳೆ ತರಲು ಹೋದರೆ ಮಂಡಿಯಲ್ಲಿ ದರವೂ ಇಳಿಯುವುದಿಲ್ಲ, ಗಾಡಿ ಬಾಡಿಗೆಯೂ ಗಿಟ್ಟುವುದಿಲ್ಲ. ಬೇರೆ ಬೇರೆ ಬೀದಿಯ, ಒಬ್ಬರಿಗೊಬ್ಬರು ಎದುರಾಳಿಯಲ್ಲದ ಐದಾರು ಅಂಗಡಿಯವರು ಸೇರಿ. ಬೆಂಗಳೂರಿನವರಿಗೆ ಯಶವಂತಪುರದ ಎಪಿಎಂಸಿ ಯಾರ್ಡ್ ಅಥವಾ ತರಗುಪೇಟೆ, ಹುಬ್ಬಳ್ಳಿಯವರಿಗೆ ಅಮರಗೋಳದ ಯಾರ್ಡ್, ಮೈಸೂರಿನವರಿಗೆ ಸಂತೆಪೇಟೆ ಇದೆ. ವಾರಕ್ಕೊಬ್ಬರು ಸರದಿಯಲ್ಲಿ ಹೋಗಿ ಬರಲಿ. ಇದರಲ್ಲಿ ಸ್ನೇಹ ಕೆಡುವುದು ದುಡ್ಡಿನಿಂದ. ಗಾಡಿ ಹೊರಡುವ ಹಿಂದಿನ ರಾತ್ರಿಯೇ ಎಲ್ಲರ ದುಡ್ಡು ಸೇರಬೇಕು, ಕೊಡದವರ ಹೆಸರು ಆ ವಾರದ ಪಟ್ಟಿಯಲ್ಲಿ ಇರಬಾರದು. ಬಿಲ್ಲು ಅವರವರ ಹೆಸರಿಗೆ ಬೇರೆ ಬೇರೆಯೇ ಆಗಲಿ.

ಆರನೇ ಹೆಜ್ಜೆ: ಜಿಎಸ್‌ಟಿಗೆ ಹೆದರಿ ಕ್ಯೂಆರ್ ತೆಗೆಯಬೇಡಿ

2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಅನ್ನುವ ಚೀಟಿಗಳು ಬಿದ್ದವು. ಪ್ರತಿಭಟನೆಯ ಮಾತು ಬಂತು. ಕೊನೆಗೆ ಮುಖ್ಯಮಂತ್ರಿಗಳು ವರ್ತಕರನ್ನು ಕರೆದು ಮಾತಾಡಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಆ ಗದ್ದಲದಿಂದ ಕಲಿಯಬೇಕಾದದ್ದಿದೆ.

ಸರಕು ಮಾತ್ರ ಮಾರುವ ಅಂಗಡಿಯ ವರ್ಷದ ಒಟ್ಟು ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮೇಲೆ ಉದಾಹರಣೆ ಕೊಟ್ಟ, ಮನೆಗೆ 12,000 ಉಳಿಸುವ ಅಂಗಡಿಯ ವರ್ಷದ ವಹಿವಾಟೇ 43 ಲಕ್ಷ ದಾಟುತ್ತದೆ. ನಗದಿನಲ್ಲಿ ಬಂದದ್ದೂ ವಹಿವಾಟೇ, ಕ್ಯೂಆರ್ ತೆಗೆದ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ. ಚಿಲ್ಲರೆ ಸಿಗದ ಗಿರಾಕಿ ಮಾತ್ರ ಪಕ್ಕದ ಅಂಗಡಿಗೆ ಹೋಗುತ್ತಾರೆ.

ದಾರಿ ಸರಳವಾಗಿದೆ. 1.5 ಕೋಟಿವರೆಗಿನ ವಹಿವಾಟಿನವರಿಗೆ ಕಾಂಪೊಸಿಷನ್ ಅಂದರೆ ರಾಜಿ ತೆರಿಗೆ ಪದ್ಧತಿ ಇದೆ. ವ್ಯಾಪಾರಿಗಳು ತೆರಿಗೆಗೆ ಒಳಪಡುವ ಮಾರಾಟದ ಮೇಲೆ ಶೇ 1 ಕಟ್ಟಿದರಾಯಿತು. ಗೋಣಿಯಿಂದ ತೂಗಿ ಕೊಡುವ ಅಕ್ಕಿ ಬೇಳೆಗೆ ತೆರಿಗೆಯಿಲ್ಲ, ಲೇಬಲ್ ಹಾಕಿ ಬಂದ 25 ಕೆ.ಜಿ.ವರೆಗಿನ ಪೊಟ್ಟಣಕ್ಕೆ ಇದೆ. 43 ಲಕ್ಷದಲ್ಲಿ ತೆರಿಗೆಯ ಮಾಲು 30 ಲಕ್ಷದ್ದು ಅಂದರೆ ವರ್ಷಕ್ಕೆ 30,000, ತಿಂಗಳಿಗೆ 2,500. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಅನ್ನುವ ತೆರಿಗೆ ಪಾವತಿಯ ವಿವರ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ಅನ್ನುವ ತೆರಿಗೆ ರಿಟರ್ನ್ ಸಲ್ಲಿಸಬೇಕು. ಈ ಪದ್ಧತಿಯಲ್ಲಿ ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲು ಮಾಡುವಂತಿಲ್ಲ, ಕೊಂಡಾಗ ಕಟ್ಟಿದ ತೆರಿಗೆಯನ್ನು ವಾಪಸ್ ಪಡೆಯುವಂತಿಲ್ಲ. ಆ 2,500 ನಿಮ್ಮ ಕೈಯಿಂದಲೇ ಹೋಗುವುದರಿಂದ ಅದನ್ನೂ ಮೊದಲ ಹೆಜ್ಜೆಯ ಖರ್ಚಿಗೆ ಸೇರಿಸಿಕೊಳ್ಳಿ. ತೆರಿಗೆಯಿಲ್ಲದ ಮಾಲನ್ನು ಮಾತ್ರ ಮಾರುವವರಿಗೆ, ಉದಾಹರಣೆಗೆ ಬರೀ ತಾಜಾ ತರಕಾರಿ ಹಣ್ಣಿನವರಿಗೆ, ನೋಂದಣಿಯೇ ಬೇಕಿಲ್ಲ.

ಅಂಗಡಿಯ ಕ್ಯೂಆರ್‌ಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಚೀಟಿ ದುಡ್ಡು, ತಮ್ಮ ಕಳಿಸಿದ ಕೈಸಾಲ, ಮದುವೆ ಮುಯ್ಯಿ ಎಲ್ಲವೂ ಅದೇ ಖಾತೆಗೆ ಬಿದ್ದರೆ ನೋಡುವವರ ಲೆಕ್ಕದಲ್ಲಿ ಎಲ್ಲವೂ ವ್ಯಾಪಾರವೇ. ಖರೀದಿ ಬಿಲ್ಲುಗಳನ್ನು ತಿಂಗಳಿಗೊಂದು ಕವರಿನಲ್ಲಿ ಹಾಕಿಡಿ.

ಉಳಿದ ಕಾಗದಗಳನ್ನು ಬೇಗ ಹೇಳಿಬಿಡುತ್ತೇನೆ: ಪಾಲಿಕೆ ಅಥವಾ ಪುರಸಭೆಯ ಉದ್ದಿಮೆ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಆಹಾರ ಪರವಾನಗಿ, ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷದ ಮುದ್ರೆ, ಬೋರ್ಡಿನಲ್ಲಿ ಕನಿಷ್ಠ ಶೇ 60 ಕನ್ನಡ. ಪ್ಲಾಸ್ಟಿಕ್ ಕೈಚೀಲ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಎಲ್ಲದರ ನಕಲನ್ನು ಒಂದೇ ಫೈಲಿನಲ್ಲಿಟ್ಟು ಕೌಂಟರಿನ ಕೆಳಗೆ ಇಡಿ.

ಏಳನೇ ಹೆಜ್ಜೆ: ದಿನದ ಬಡ್ಡಿಯಿಂದ ಹೊರಬನ್ನಿ

ಸಂಜೆ ಬೈಕಿನಲ್ಲಿ ಬಂದು ಕಾರ್ಡಿನಲ್ಲಿ ಸಹಿ ಹಾಕಿ 100 ರೂಪಾಯಿ ಒಯ್ಯುವ ಡೈಲಿ ಕಲೆಕ್ಷನ್ ಸಾಲ ನಿರುಪದ್ರವಿಯಂತೆ ಕಾಣುತ್ತದೆ. ಹತ್ತು ಸಾವಿರ ಸಾಲ ಅಂತ ಹೇಳಿ ಮುಂಗಡ ಹಿಡಿದು 9,000 ಕೊಡುತ್ತಾರೆ, ನೀವು ನೂರು ದಿನ ನೂರರಂತೆ ಕಟ್ಟುತ್ತೀರಿ. ಬಡ್ಡಿ ಸಾವಿರವೇ ತಾನೇ ಅನ್ನಿಸುತ್ತದೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗುತ್ತಿರುವುದರಿಂದ ಆ ನೂರು ದಿನದಲ್ಲಿ ಸರಾಸರಿ ನಿಮ್ಮ ಕೈಯಲ್ಲಿ ಇದ್ದದ್ದು 4,500 ಮಾತ್ರ. ವರ್ಷದ ಲೆಕ್ಕಕ್ಕೆ ಹಾಕಿದರೆ ಬಡ್ಡಿ ಶೇ 80ರ ಆಸುಪಾಸು. ಶೇ 10 ಮಾರ್ಜಿನ್‌ನ ಯಾವ ವ್ಯಾಪಾರವೂ ಇದನ್ನು ಬಹುಕಾಲ ಹೊರಲಾರದು.

ನಿಂತ ಮಾಲು ಮಾರಿ ಬಂದ ದುಡ್ಡು, ವಸೂಲಾದ ಉದ್ರಿ ಮೊದಲು ಹೋಗಬೇಕಾದದ್ದು ಈ ಸಾಲ ತೀರಿಸಲು. ಆಮೇಲೂ ಬಂಡವಾಳ ಬೇಕೆಂದರೆ ಬ್ಯಾಂಕಿನಲ್ಲಿ ಮುದ್ರಾ ಸಾಲ, ಅಂದರೆ ಸಣ್ಣ ವ್ಯಾಪಾರಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆಯ ಸಾಲ ಕೇಳಿ. ಶಿಶು ವರ್ಗದಲ್ಲಿ 50,000ವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ಅಡಮಾನ ಬೇಕಿಲ್ಲ. ಚಿಲ್ಲರೆ ವ್ಯಾಪಾರಿಗಳಿಗೂ 2021ರಿಂದ ಸಣ್ಣ ಉದ್ದಿಮೆಗಳಿಗೆ ಕೊಡುವ ‘ಉದ್ಯಮ್’ ನೋಂದಣಿ ಸಿಗುತ್ತಿದೆ, ಸರ್ಕಾರದ ಪೋರ್ಟಲಿನಲ್ಲಿ ಅದಕ್ಕೆ ಶುಲ್ಕವಿಲ್ಲ. ಮೊದಲ ಹೆಜ್ಜೆಯಲ್ಲಿ ಬರೆದ ನೋಟ್‌ಬುಕ್ಕು, ಯುಪಿಐ ಖಾತೆಯ ಸ್ಟೇಟ್‌ಮೆಂಟು ಹಿಡಿದುಕೊಂಡು ಹೋಗಿ, ಮ್ಯಾನೇಜರ್ ಕೇಳುವ ಪ್ರಶ್ನೆಗಳಿಗೆಲ್ಲ ಅದರಲ್ಲೇ ಉತ್ತರವಿರುತ್ತದೆ. ಸಾಲ ಕೊಟ್ಟವರು ಮನೆಗೆ ಬಂದು ಬೆದರಿಸಿದರೆ ಸುಮ್ಮನಿರಬೇಡಿ. ಕಿರುಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, ಠಾಣೆಯಲ್ಲಿ ದೂರು ಕೊಡಬಹುದು.

ಬಾಡಿಗೆ ಮತ್ತು ರಸ್ತೆ

ಹನ್ನೊಂದು ತಿಂಗಳ ಕರಾರಿನಲ್ಲಿ ಕೂತವರು ಪ್ರತಿ ವರ್ಷ ಮಾಲೀಕರ ಮುಖ ನೋಡಬೇಕಾಗುತ್ತದೆ. ಮೂರು ಅಥವಾ ಐದು ವರ್ಷದ ಕರಾರು ಕೇಳಿ, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ ಅಂತ ಮೊದಲೇ ಬರೆಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗದಿದ್ದರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್ ಅನ್ನುವುದೂ ಅದರಲ್ಲೇ ಇರಲಿ.

ರಸ್ತೆ ಅಗೆಯುವ ಸುದ್ದಿ ಬಂದರೆ ಒಬ್ಬೊಬ್ಬರೇ ಗೊಣಗುವುದರಿಂದ ಪ್ರಯೋಜನವಿಲ್ಲ. ಬೆಂಗಳೂರಿನ ಗಾಂಧಿ ಬಜಾರಿನ ಕಾಮಗಾರಿ ಎಳೆದಾಗ ಅಲ್ಲಿನ ವರ್ತಕರು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಬೀದಿಯವರೆಲ್ಲ ಸಹಿ ಹಾಕಿ ಮೂರು ಬೇಡಿಕೆ ಕೊಡಿ: ಇಡೀ ರಸ್ತೆಯನ್ನು ಒಟ್ಟಿಗೆ ಅಗೆಯದೆ ತುಂಡು ತುಂಡಾಗಿ ಮುಗಿಸಬೇಕು, ಪ್ರತಿ ಅಂಗಡಿಗೂ ದಾಟಲು ಹಲಗೆ ಹಾಕಬೇಕು, ದಸರೆ ದೀಪಾವಳಿಯ ವಾರಗಳಲ್ಲಿ ಕೆಲಸ ನಿಲ್ಲಬೇಕು. ಆ ತಿಂಗಳುಗಳಿಗೆ ಬಾಡಿಗೆ ಇಳಿಸಲು ಮಾಲೀಕರನ್ನು ಕೇಳಿ, ಒಪ್ಪಿದರೆ ಕಾಗದದಲ್ಲಿ ಬರೆಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ

ಆರು ತಿಂಗಳು ಸತತವಾಗಿ ಗಲ್ಲಾದ ಮುಚ್ಚಳದಲ್ಲಿ ಬರೆದ ಅಂಕಿಯನ್ನು ಮುಟ್ಟಲಾಗದಿದ್ದರೆ, ಮನೆಯ ಒಡವೆ ಅಂಗಡಿಯ ಬಾಡಿಗೆಗೆ ಹೋಗುತ್ತಿದ್ದರೆ ಕುಟುಂಬದವರನ್ನು ಕೂರಿಸಿಕೊಂಡು ಮಾತಾಡಿ. ಜಾಗ ಚಿಕ್ಕದು ಮಾಡುವುದು, ಒಳಬೀದಿಗೆ ಹೋಗುವುದು, ಬರೀ ಮಸಾಲೆ ಸಾಮಾನು ಅಥವಾ ಪೂಜಾ ಸಾಮಗ್ರಿಗೆ ತಿರುಗಿಸುವುದನ್ನು ಮೊದಲು ಯೋಚಿಸಿ. ಮುಚ್ಚುವುದೇ ಸರಿ ಅನ್ನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಾಲ ಬೆಳೆಯುವ ಮೊದಲೇ ನಿಲ್ಲಿಸಿದವರ ಮನೆ ಉಳಿದಿದೆ.

ಮುಚ್ಚುವುದಕ್ಕೂ ಕ್ರಮವಿದೆ. ಎರಡು ತಿಂಗಳ ಮೊದಲಿನಿಂದ ಹೊಸ ಮಾಲು ತರುವುದನ್ನು ಕಡಿಮೆ ಮಾಡುತ್ತ ಬನ್ನಿ, ಉದ್ರಿ ಪುಸ್ತಕವನ್ನು ಮನೆಮನೆಗೆ ಹೋಗಿ ತೀರಿಸಿಕೊಳ್ಳಿ. ಅಂಗಡಿ ಮುಚ್ಚಿದ ಮೇಲೆ ಬಾಕಿ ಬರುವುದು ಕಷ್ಟ. ಡಿಸ್ಟ್ರಿಬ್ಯೂಟರುಗಳ ಬಳಿ ಇರುವ ರಿಟರ್ನ್ ದುಡ್ಡನ್ನು ಮಾಲಿನ ಬಾಕಿಗೆ ಹೊಂದಿಸಿ. ಜಿಎಸ್‌ಟಿ ಇದ್ದರೆ ನೋಂದಣಿ ರದ್ದತಿಗೆ ಅರ್ಜಿ ಹಾಕಿ, ರಾಜಿ ತೆರಿಗೆ ಪದ್ಧತಿಯವರನ್ನು ಬಿಟ್ಟು ಉಳಿದವರು ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಸಲ್ಲಿಸಿ, ಇಲ್ಲವಾದರೆ ದಂಡ ಏರುತ್ತಲೇ ಇರುತ್ತದೆ. ಕರೆಂಟ್ ಮೀಟರಿನ ರೀಡಿಂಗ್ ಫೋಟೊ ತೆಗೆದಿಟ್ಟುಕೊಳ್ಳಿ. ಅಡ್ವಾನ್ಸ್ ಹಣ ಖಾತೆಗೆ ಬಿದ್ದ ಮೇಲೆಯೇ ಬೀಗದ ಕೈ ಕೊಡಿ, ಕೊಟ್ಟದ್ದಕ್ಕೆ ಮಾಲೀಕರಿಂದ ತಾರೀಖು ಹಾಕಿದ ರಸೀದಿ ತೆಗೆದುಕೊಳ್ಳಿ.